ಅಕ್ಕನ ಮೊಳದ ಹೌಜು

ನಂಬಬೇಡಿ. ನಾನೇ ಹೇಳುತ್ತಿದ್ದೇನೆ, ಒಂದಕ್ಷರವನ್ನೂ ನಂಬಬೇಡಿ. ಆಳಂದದಲ್ಲಿ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತು ನಾನು "ಬಸ್ಸು ಬಂತು" ಎಂದರೆ ಜನ ಗಂಟುಮೂಟೆ ಎತ್ತುವ ಮೊದಲು ರಸ್ತೆಯ ಕಡೆ ಒಂದು ಸಲ ನೋಡುತ್ತಾರೆ. ಅಷ್ಟು ಹೆಸರು ಮಾಡಿದ್ದೇನೆ. ಆದರೂ ಒಂದು ಪಂಥ ಕಟ್ಟೋಣ. ನಾನು ಹೇಳಿ ಮುಗಿಸುವ ತನಕ ನಂಬದೆ ಕೂತಿರಿ, ನೋಡೋಣ ನಿಮ್ಮ ಗಟ್ಟಿತನ. ಅಫಜಲಪುರದ ಒಂದು ಮನೆಯಲ್ಲಿ, ಒಂದು ಮೊಳ ಕೂಡ ಹೆಚ್ಚು ಕಟ್ಟಿಸದೆ, ಒಂದು ಹನಿ ಕೂಡ ಕದಿಯದೆ, ನೀರಿನ ಹೌಜು ಮೂರರಲ್ಲೊಂದು ಪಾಲು ಹೆಚ್ಚು ನೀರು ಹಿಡಿಯುವಂತೆ ಮಾಡಿದವನು ನಾನು. ಮಾಡಿದ್ದು ಒಬ್ಬ ಹೆಂಗಸಿನ ಕೈಯಿಂದ. ಬರೀ ಕೈಯಿಂದ.

ನಗುತ್ತಿದ್ದೀರಿ. ನಗಿ.

ಇದು ನೆನಪಾದದ್ದು ಪಕ್ಕದ ಮನೆಯ ಹುಡುಗಿಯಿಂದ. ಅವಳಿಗೆ ಗಟ್ಟಿಯಾಗಿ ಓದದಿದ್ದರೆ ತಲೆಗೆ ಹತ್ತುವುದಿಲ್ಲ, ಹಾಗಾಗಿ ಅವಳ ಜೊತೆ ಇಡೀ ಓಣಿ ಪರೀಕ್ಷೆಗೆ ಕೂರುತ್ತದೆ. ಇವತ್ತು ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಕೂತು ಬಸಿಗೆ ಚಹಾ ಹಾಕಿಕೊಂಡು ಇನ್ನೇನು ಬಾಯಿಗೆ ಇಡಬೇಕು, ಆಕಡೆಯಿಂದ ಬಂತು: "ಒಂದು ಆಯತಘನದ ಉದ್ದ, ಅಗಲ ಮತ್ತು ಎತ್ತರಗಳು ತಲಾ ಶೇಕಡಾ ಹತ್ತರಷ್ಟು ಹೆಚ್ಚಾದರೆ ಅದರ ಘನಫಲ ಶೇಕಡಾ ಎಷ್ಟು ಹೆಚ್ಚಾಗುತ್ತದೆ?" ಕೂಡಲೇ ಉತ್ತರವೂ ಬಂತು: "ಮೂವತ್ತು!" ಆಮೇಲೆ ಹಾಳೆ ತಿರುವಿದ ಸದ್ದು. ಆಮೇಲೆ ಬೇಸರದ ದನಿ.

"ಅಜ್ಜಾ, ಪುಸ್ತಕದಾಗ ತಪ್ಪು ಹಾಕ್ಯಾರ ನೋಡ್ರಿ. ಮೂವತ್ಮೂರು ಪಾಯಿಂಟ್ ಒಂದು ಅಂತ."

"ಪುಸ್ತಕ ಬರೋಬ್ಬರಿ ಅದ. ಬೇಕಾದ್ರ ಅಫಜಲಪುರದ ಗುರಮ್ಮನ್ನ ಕೇಳಿ ಬಾ" ಎಂದೆ.

"ಯಾರ್ರಿ ಆಕಿ?"

"ತೀರಿಕೊಂಡು ಭಾಳ ವರ್ಷ ಆತು."

ಹುಡುಗಿ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ನನ್ನ ಹತ್ತಿರ ಮಾತಾಡಿದವರು ಹೀಗೇ ಎದ್ದು ಹೋಗುತ್ತಾರೆ. ನೀವು ಮಾತ್ರ ಕೂತಿರಿ.

ನಾನು ಲೆಕ್ಕದ ಮಾಸ್ತರ. ನರೋಣಾದಲ್ಲಿ ಕಲಿಸಿದೆ, ಭೂಸನೂರಿನಲ್ಲಿ ಕಲಿಸಿದೆ. ಅಲ್ಲಿ ಕಬ್ಬು ಅರೆಯುವ ದಿನಗಳಲ್ಲಿ ಕಿಟಕಿಯಿಂದ ಬೆಲ್ಲದ ವಾಸನೆ ಬಂದು ಬೀಜಗಣಿತ ಕೂಡ ಸಿಹಿಯಾಗಿಬಿಡುತ್ತಿತ್ತು. ಕೊನೆಗೆ ಜೇವರ್ಗಿಯಲ್ಲಿ ನಿವೃತ್ತನಾದೆ. ಈ ಮೂರೂ ಊರಿನಲ್ಲಿ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವರು ಈಗ ದೊಡ್ಡ ದೊಡ್ಡ ಮನುಷ್ಯರಾಗಿದ್ದಾರೆ, ನನ್ನನ್ನು ಕಂಡರೆ ಇವತ್ತಿಗೂ ಕಿವಿ ಮುಟ್ಟಿ ನೋಡಿಕೊಳ್ಳುತ್ತಾರೆ. ನಮ್ಮ ಕಡೆ ಮರಾಠಿಯ ಗಾಳಿ ಬೀಸುವುದರಿಂದ ಶೇಕಡಾ ಎನ್ನುವುದಿಲ್ಲ, ಟಕ್ಕೆ ಎನ್ನುತ್ತೇವೆ. ನೂರಕ್ಕೆ ಹತ್ತು ಎಂದರೆ ಹತ್ತು ಟಕ್ಕೆ. ನನ್ನ ಹೆಸರು ಕೂಡ ಊರಲ್ಲಿ ಟಕ್ಕೆ ಮಾಸ್ತರ. ಆ ಹೆಸರು ಬಂದದ್ದು ಒಂದು ಬರ್ಫಿಯಿಂದ.

ಆಳಂದದ ಬಸ್‌ಸ್ಟ್ಯಾಂಡಿನ ಎದುರಿಗೆ ಆಗ ಒಂದು ಹೋಟೆಲಿತ್ತು. ಹೆಸರು ಬೇಡ. ಅಲ್ಲಿ ಬೇಸನ್ ಬರ್ಫಿಯನ್ನು ತುಂಡಿನ ಲೆಕ್ಕದಲ್ಲಿ ಮಾರುತ್ತಿದ್ದರು, ತೂಕವಿಲ್ಲ ಏನಿಲ್ಲ. ಒಂದು ದಿನ ತುಂಡು ಯಾಕೋ ಜ್ವರ ಬಂದು ಎದ್ದ ಹಾಗೆ ಬಡವಾಗಿ ಕಂಡಿತು. ನನ್ನ ಅದೃಷ್ಟಕ್ಕೆ ಹಿಂದಿನ ದಿನದ ತುಂಡೊಂದು ಕಾಗದದಲ್ಲಿ ಸುತ್ತಿ ಜೇಬಿನಲ್ಲೇ ಉಳಿದಿತ್ತು. ಪಕ್ಕದ ದರ್ಜಿಯಿಂದ ಒಂದು ದಾರ ತಂದೆ. ನಾಲ್ಕು ಜನರ ಎದುರು ಎರಡೂ ತುಂಡು ಇಟ್ಟು ಅಳೆದೆ. ಉದ್ದದಲ್ಲಿ ಹತ್ತು ಟಕ್ಕೆ ಕಮ್ಮಿ, ಅಗಲದಲ್ಲೂ ಹತ್ತು, ದಪ್ಪದಲ್ಲೂ ಹತ್ತು.

"ಏನ್ರಿ ಮಾಸ್ತರ, ಹತ್ತು ಟಕ್ಕೆ ಹೆಚ್ಚು ಕಮ್ಮಿ ಆಗಿರಬೇಕು, ಅಷ್ಟಕ್ಕ ಊರು ಕೂಡಸ್ತೀರಿ" ಎಂದ ಮಾಲೀಕ.

"ಹತ್ತಲ್ಲೋ ಮಾರಾಯಾ, ಇಪ್ಪತ್ತೇಳು. ನಾಲ್ಕು ಬರ್ಫಿ ಕೊಟ್ಟು ಅದರಾಗ ಒಂದು ನೀನೇ ತಿಂದಿ!"

ಇಡೀ ಹೋಟೆಲು ನಕ್ಕಿತು. ಮರುದಿನದಿಂದ ನನಗೊಬ್ಬನಿಗೆ ದೊಡ್ಡ ತುಂಡು ಬರತೊಡಗಿತು, ಬಾಯಿ ಮುಚ್ಚಿಸಲಿಕ್ಕೆ. ಬರ್ಫಿ ತಿನ್ನಬೇಕಾದರೆ ಬಾಯಿ ತೆರೆಯಲೇಬೇಕು ಎಂಬುದು ಆ ಬಡಪಾಯಿಗೆ ಹೊಳೆಯಲಿಲ್ಲ.

ಇರಲಿ. ಹೇಳಹೊರಟದ್ದು ಅಕ್ಕನ ವಿಷಯ. ಅಕ್ಕ ಮಹಾನಂದಾ ನನಗಿಂತ ಎರಡು ವರ್ಷ ದೊಡ್ಡವಳು, ಒಂದು ಗೇಣು ಎತ್ತರ. ಚಿಕ್ಕವರಿದ್ದಾಗ ನಾನು ಎತ್ತರದ ಗೂಡಿನಲ್ಲಿ ಬಚ್ಚಿಟ್ಟ ಎಲ್ಲವನ್ನೂ ಅವಳು ನೆಲದ ಮೇಲೆ ನಿಂತೇ ತೆಗೆಯುತ್ತಿದ್ದಳು. ಮೆಟ್ರಿಕ್ಕಿನಲ್ಲಿ ಲೆಕ್ಕಕ್ಕೆ ನನಗಿಂತ ಹೆಚ್ಚು ಅಂಕ ಬಂದಿತ್ತು, ಅದನ್ನು ನಾನು ಸಾಮಾನ್ಯವಾಗಿ ಎಲ್ಲೂ ಹೇಳುವುದಿಲ್ಲ. ಅವಳನ್ನು ಕೊಟ್ಟದ್ದು ಅಫಜಲಪುರಕ್ಕೆ. ಭಾವ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಸಾಧು. ಊಟದ ಹೊತ್ತಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಮನೆಯಲ್ಲಿ ಬಾಯಿ ತೆರೆದವನಲ್ಲ. ತೆರೆಯುವ ಅವಕಾಶವೂ ಇರಲಿಲ್ಲ, ಮನೆಯಲ್ಲಿ ಅವನ ತಾಯಿ ಗುರಮ್ಮ ಇದ್ದರು.

ಗುರಮ್ಮನವರು ಎತ್ತರದಲ್ಲಿ ಎಷ್ಟು ಅಂದರೆ, ಹೊಸ್ತಿಲ ಮೇಲೆ ನಿಂತರೂ ಸೊಸೆಯ ಭುಜಕ್ಕೆ ಬರುತ್ತಿದ್ದರು. ದನಿಯಲ್ಲಿ ಮಾತ್ರ ಇಡೀ ಓಣಿಗಿಂತ ಎತ್ತರ. ಕೆಟ್ಟವರಲ್ಲ. ಅವರಿಗೆ ಎಲ್ಲದಕ್ಕೂ ಒಂದು ನ್ಯಾಯ ಬೇಕು, ಆ ನ್ಯಾಯ ಅವರೇ ಹೇಳಬೇಕು, ಅಷ್ಟೇ. ದಿನಾ ಬೆಳಿಗ್ಗೆ ಇಷ್ಟಲಿಂಗದ ಪೂಜೆಗೆ ಹೌಜಿನಿಂದ ಒಂದು ಚರಗಿ ನೀರು ತಮ್ಮ ಕೈಯಿಂದಲೇ ತೆಗೆಯುತ್ತಿದ್ದರು. ಬೇರೆಯವರು ತೆಗೆದುಕೊಟ್ಟದ್ದು ಆಗುತ್ತಿರಲಿಲ್ಲ.

ಹೌಜು ಅಂದರೆ ನಮ್ಮ ಕಡೆಯ ಫರಸಿಕಲ್ಲಿನ ತೊಟ್ಟಿ. ನಾಲ್ಕು ಕಡೆ ನಾಲ್ಕು ಚಪ್ಪಡಿ, ತಳಕ್ಕೆ ಚಪ್ಪಡಿ, ಸಂದಿಗೆ ಸಿಮೆಂಟು. ಅಂಗಳದಲ್ಲಿ ಕೂತ ದೊಡ್ಡ ಕಲ್ಲಿನ ಪೆಟ್ಟಿಗೆ. ನಳದಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತಿತ್ತು. ಬಂದಾಗ ಹೌಜು ತುಂಬಿಸಿಕೊಂಡರೆ ಮತ್ತೆ ಬರುವವರೆಗೆ ಅದೇ ಜೀವಾಳ. ಗುರಮ್ಮನ ಮನೆಯ ಹೌಜು ನಾಲ್ಕು ಮೊಳ ಉದ್ದ, ಮೂರು ಮೊಳ ಅಗಲ, ಎರಡು ಮೊಳ ಆಳ. ಬರೋಬ್ಬರಿ ನೂರು ಕೊಡ ಹಿಡಿಯುತ್ತಿತ್ತು. ಮನೆಗೆ ಅದು ಸಾಲುತ್ತಿರಲಿಲ್ಲ. ನೀರು ಬರುವುದಕ್ಕೆ ಒಂದು ದಿನ ಮೊದಲೇ ತಳ ಕಾಣುತ್ತಿತ್ತು, ಆ ದಿನ ಅಕ್ಕ ಊರಾಚೆಯ ಬಾವಿಯಿಂದ ಹೊರಬೇಕಿತ್ತು.

ಅಕ್ಕನಿಗೆ ಟೈಪಿಂಗ್ ಕಲಿಯುವ ಆಸೆ ಹುಟ್ಟಿದ್ದು ಆಗಲೇ. ಊರಲ್ಲಿ ಹೊಸದಾಗಿ ಕ್ಲಾಸು ತೆರೆದಿತ್ತು. ಒಂಬತ್ತಕ್ಕೆ ಹಾಜರಾಗದವರಿಗೆ ಯಂತ್ರ ಸಿಗುತ್ತಿರಲಿಲ್ಲ. ಹನ್ನೆರಡರವರೆಗೆ ಇಂಗ್ಲಿಷ್, ಹನ್ನೆರಡರಿಂದ ಒಂದರವರೆಗೆ ಕನ್ನಡ. ಅಕ್ಕನ ಕಣ್ಣು ಆ ಕೊನೆಯ ತಾಸಿನ ಮೇಲಿತ್ತು, ಕನ್ನಡ ಟೈಪಿಂಗ್ ಬಂದರೆ ಕಚೇರಿಯಲ್ಲಿ ಕೆಲಸ ಸಿಗುತ್ತದೆಂದು. ಅತ್ತೆಯ ಹತ್ತಿರ ಮಾತು ತೆಗೆದರೆ ಒಂದೇ ಉತ್ತರ.

"ಹೌಜು ಬತ್ತಿದ ದಿನ ಬಾವಿಗೆ ಯಾರು ಹೋಗ್ತಾರ? ನಿನ್ನ ಮಷೀನ್ ಹೋಗ್ತದೇನು ಕೊಡ ಹೊತ್ಕೊಂಡು? ಮನ್ಯಾಗ ನೀರು ಸಾಲೂ ಹಂಗ ಆಗಲಿ, ಆಮ್ಯಾಲ ಟೈಪು."

ಅಷ್ಟರಲ್ಲಿ ಹೌಜಿನ ಒಂದು ಚಪ್ಪಡಿ ಬಿರುಕು ಬಿಟ್ಟಿತು. ನಾನು ಬಿಡಿಸಿದ್ದಲ್ಲ, ತಾನಾಗೇ ಬಿಟ್ಟದ್ದು. ಹೊಸದು ಕಟ್ಟಿಸಬೇಕಾಯಿತು. ನಾನು ರಜೆಗೆ ಹೋದವನು, "ಅತ್ತೆವ್ವ, ಹೆಂಗೂ ಕಟ್ಟಸ್ತೀರಿ, ಜರ ದೊಡ್ಡದು ಕಟ್ಟಸ್ರಿ" ಎಂದೆ.

"ದೊಡ್ಡದು? ಅಂಗಳದಾಗ ಜಾಗ ಎಲ್ಲದ, ದನ ನಿನ್ನ ತಲಿ ಮ್ಯಾಲ ಕಟ್ಟಲೇನು? ನಾಲ್ಕು, ಮೂರು, ಎರಡು. ಹಿಂದಿಂದು ಎಷ್ಟಿತ್ತು ಅಷ್ಟೇ. ಒಂದು ಮೊಳ ಹೆಚ್ಚಾದ್ರ ನಾ ಸುಮ್ಮ ಇರಾಕಿ ಅಲ್ಲ."

"ಆತ್ರಿ. ಒಂದು ಮೊಳ ಸುದ್ದಾ ಹೆಚ್ಚಾಗೂದಿಲ್ಲ. ಮಾತು ಕೊಟ್ಟೀನಿ."

"ನೀ ಮಾತು ಕೊಟ್ಟಿ ಅಂದ್ರ ನನಗ ಎದಿ ಡವ ಡವ ಅಂತದ" ಎಂದರು ಗುರಮ್ಮ. ಅವರಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತು.

ಈಗ ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಹೌಜು ಕಟ್ಟುವವರು ಆಗ ಟೇಪು ಹಿಡಿಯುತ್ತಿರಲಿಲ್ಲ. ಹೌಜನ್ನು ಯಾವ ಹೆಂಗಸು ತೊಳೆಯುತ್ತಾಳೋ ಅವಳ ಮೊಳವೇ ಅಳತೆ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಬಿದಿರ ಕಡ್ಡಿ ಕತ್ತರಿಸಿಕೊಂಡು ಗೌಂಡಿ ಕೆಲಸ ಶುರು ಮಾಡುತ್ತಿದ್ದ. ಇದು ಹುಚ್ಚಲ್ಲ. ಆಳ ಅವಳ ಎರಡು ಮೊಳ ಇದ್ದರೆ ಹೊರಗೆ ನಿಂತು ಬಗ್ಗಿದಾಗ ಕೈಯಲ್ಲಿನ ಚರಗಿ ತಳಕ್ಕೆ ತಾಕುತ್ತದೆ. ಹಳೇ ಹೌಜು ಗುರಮ್ಮನ ಮೊಳದ್ದು, ಅವರು ಸೊಸೆಯಾಗಿದ್ದಾಗ ಕಟ್ಟಿದ್ದು.

ನಾನು ಏನು ಮಾಡಿದೆ? ಒಂದು ದಿನ ಗುರಮ್ಮನಿಂದ ದಿಂಬಿಗೆಂದು ಒಂದು ಮೊಳ ಬಟ್ಟೆ ಅಳೆಸಿ ಕತ್ತರಿಸಿಕೊಂಡೆ. ಇನ್ನೊಂದು ದಿನ ಅಕ್ಕನಿಂದಲೂ ಒಂದು ಮೊಳ. ಎರಡನ್ನೂ ಒಂದರ ಮೇಲೊಂದು ಹಾಸಿ ನೋಡಿದರೆ, ಅತ್ತೆಯದು ಹತ್ತು ಪಾಲಾದರೆ ಸೊಸೆಯದು ಹನ್ನೊಂದು. ಹತ್ತು ಟಕ್ಕೆ ಉದ್ದ. ನನ್ನ ತಲೆಯೊಳಗೆ ಆ ಬರ್ಫಿ ತಿರುಗತೊಡಗಿತು, ಈ ಸಲ ಹಿಂದುಮುಂದಾಗಿ.

ಗೌಂಡಿ ಲಾಲಸಾಬ ಜೇವರ್ಗಿಯ ಕಡೆಯವನು, ಲಾರಿಯ ಮೇಲೆ ಚಪ್ಪಡಿಗಳ ಜೊತೆ ತಾನೂ ಕೂತು ಬಂದ. ಅವನು ಬರುವ ದಿನ ಗುರಮ್ಮ ಜಿಡಗಾದ ಮಠಕ್ಕೆ ಹೋಗುವಂತೆ ಬಂದದ್ದು ದೈವ. ಆ ದೈವಕ್ಕೆ ಬಸ್ಸಿನ ಹೊತ್ತು ಹೇಳಿದವನು ನಾನು. ಲಾಲಸಾಬ ಅಂಗಳದಲ್ಲಿ ಕೂತು ಬಿದಿರು ಸೀಳುತ್ತ ಕೇಳಿದ.

"ಹೌಜು ತೊಳ್ಯೋರು ಯಾರ್ರಿ ಬೆಹೆನ್? ಅವರ ಕೈ ಕೊಡ್ರಿ."

ಆ ಮನೆಗೆ ಕಾಲಿಟ್ಟ ಮೇಲೆ ಹೌಜು ತೊಳೆದವಳು ಅಕ್ಕನೇ. ಅವಳು ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ. ಅವಳು ಕೈ ಚಾಚಿದಳು.

"ಯಾ ಅಲ್ಲಾ!" ಎಂದ ಲಾಲಸಾಬ. "ಇದು ಕೈಯೋ ಬಾವಿ ಹಗ್ಗವೋ?"

ನಾಲ್ಕು ಮೊಳ, ಮೂರು ಮೊಳ, ಎರಡು ಮೊಳ. ಕೊಟ್ಟ ಮಾತು ಕೂದಲೆಳೆಯಷ್ಟೂ ತಪ್ಪಲಿಲ್ಲ. ಗುರಮ್ಮ ಮಠದಿಂದ ಬಂದು, "ಎಷ್ಟು ಮೊಳ?" ಎಂದು ಕೇಳಿದರು. "ನಾಲ್ಕು, ಮೂರು, ಎರಡು" ಎಂದ ಲಾಲಸಾಬ, ನಿಜವನ್ನೇ. ಮೊದಲ ಸಲ ನಳದ ನೀರು ಬಿಟ್ಟಾಗ ಹೌಜು ತುಂಬಲೇ ಒಲ್ಲದು. "ನಳದಾಗ ಜೋರಿಲ್ಲ ಇವತ್ತು" ಎಂದು ಗುರಮ್ಮ ನೀರು ಬಿಡುವವನಿಗೆ ಬೈದರು. ಅವನು ಪಾಪ, ಬೈಸಿಕೊಳ್ಳುವುದಕ್ಕೇ ಹುಟ್ಟಿದವನ ಹಾಗೆ ಹೋದ. ಆ ಸಲ ನೀರು ಮತ್ತೆ ಬರುವವರೆಗೂ ಹೌಜು ಬತ್ತಲಿಲ್ಲ. ಮುಂದಿನ ಸಲವೂ ಬತ್ತಲಿಲ್ಲ. ಅಕ್ಕ ಬಾವಿಯ ದಾರಿ ಮರೆತಳು. ನಾನು ಆಳಂದದಲ್ಲಿ ಮೀಸೆ ತಿರುವಿಕೊಂಡು ಓಡಾಡಿದೆ.

ಆದರೆ ಹೌಜಿಗೆ ಆಳವೂ ಇದೆ ಎಂಬುದನ್ನು ನಾನು ಮರೆತಿದ್ದೆ. ಉದ್ದ ಬೆಳೆದರೆ ಯಾರಿಗೂ ಕಾಣುವುದಿಲ್ಲ, ಅಗಲ ಬೆಳೆದರೂ ಕಾಣುವುದಿಲ್ಲ. ಆಳ ಬೆಳೆದದ್ದು ಗುರಮ್ಮನ ಕೈಗೆ ಕಂಡಿತು. ನೀರು ಇಳಿದ ದಿನ ಅವರು ಪೂಜೆಯ ಚರಗಿ ಹಿಡಿದು ಬಗ್ಗಿದರೆ ತಳ ತಾಕುವುದಿಲ್ಲ. ತಳದ ಐದು ಬೆರಳು ನೀರು ಕೆಳಗೇ ಉಳಿಯುತ್ತದೆ. ಇಷ್ಟು ವರ್ಷ ತಾಕುತ್ತಿದ್ದ ಕೈ! ಅವರು ಹೌಜಿನ ಮೇಲೆ ಅನುಮಾನ ಪಡಲಿಲ್ಲ. ತಮ್ಮ ಕೈಯ ಮೇಲೇ ಪಟ್ಟರು.

"ಮುದುಕಿ ಆದೆ ಬೇ" ಎಂದರಂತೆ ಅಕ್ಕನಿಗೆ. "ಕೈ ಗಿಡ್ಡ ಆಗಾಕತ್ತಾವ."

ರಾತ್ರಿ ಊಟವಾದ ಮೇಲೆ ಭುಜಕ್ಕೆ ಔಡಲೆಣ್ಣೆ ಹಚ್ಚಿಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಜೋತಾಡುವುದು ಶುರುವಾಯಿತು. ಎಣ್ಣೆ ಹಚ್ಚುವವಳು ಅಕ್ಕ. ನಾನು ಹೋದಾಗ ನನ್ನನ್ನು ಮೂಲೆಗೆ ಎಳೆದು, "ಪಾಪ ಅನಸ್ತದೋ ತಮ್ಮಾ. ಹೇಳಿಬಿಡೂಣು" ಎಂದಳು.

"ಹೇಳಿದ್ರ ಹೌಜು ಒಡಸ್ತಾರ. ಮತ್ತ ಬಾವಿಗೆ ಹೋಗಾಕಿ ನೀನೇ. ಸುಮ್ಮ ಟೈಪಿಂಗಿನ ಮಾತು ತಗಿ."

"ತಗದೆ. 'ನೀರೇನೋ ಸಾಲ್ತದ, ಖರೆ. ಆದ್ರ ನನ್ನ ಕೈ ಹಿಂಗಾದ ಹೊತ್ತಿನ್ಯಾಗ ನೀ ಮನಿ ಬಿಟ್ಟು ಹೋಗ್ತಿ ಏನು?' ಅಂದ್ರು."

ಮೀಸೆ ಇಳಿಯಿತು. ಸೊಸೆಯನ್ನು ಹೊರಗೆ ಕಳಿಸಲೆಂದು ಹೌಜು ಬೆಳೆಸಿದೆ, ಆ ಬೆಳೆದ ಹೌಜೇ ಅವಳನ್ನು ಮನೆಯಲ್ಲಿ ಕಟ್ಟಿಹಾಕಿತು. ಕ್ಲಾಸಿಗೆ ಹೊಸ ತಂಡ ಸೇರಿಸಿಕೊಳ್ಳುವುದು ಆ ತಿಂಗಳಿಗೆ ಮುಗಿಯುತ್ತಿತ್ತು.

ಮುಂದಿನ ರವಿವಾರ ಮತ್ತೆ ಹೋದೆ. ಬೆಳಿಗ್ಗೆಯ ಹೊತ್ತು, ಬಾಗಿಲು ತೆರೆದೇ ಇತ್ತು, ಅಂಗಳದಲ್ಲಿ ಯಾರೂ ಇಲ್ಲ. "ಅತ್ತೆವ್ವಾ" ಎಂದು ಕೂಗಿದೆ.

"ಯಾರಂವ?" ಎಂದಿತು ಒಂದು ದನಿ. ಎಲ್ಲಿಂದ ಬಂತೋ ತಿಳಿಯಲಿಲ್ಲ. ಗುಡಿಯ ಒಳಗಿನಿಂದ ದೇವರೇ ಓಗೊಟ್ಟ ಹಾಗೆ ಗುಂಯ್ ಎಂದಿತು.

"ನಾನ್ರಿ, ಆಳಂದದಂವ. ಎಲ್ಲಿದ್ದೀರಿ?"

"ಹೌಜಿನ್ಯಾಗ."

ನೋಡುತ್ತೇನೆ, ಹೌಜಿನ ಅಂಚಿನ ಮೇಲೆ, ಬಗ್ಗಿದ್ದಲ್ಲಿಂದ, ಸೆರಗು ಹೊದ್ದ ಒಂದು ತಲೆ ಎದ್ದಿತು. ಒಳಗೆ ಗುರಮ್ಮ ಪಾದ ಮುಳುಗುವಷ್ಟು ನೀರಿನಲ್ಲಿ ಚರಗಿ ಹಿಡಿದು ನಿಂತಿದ್ದಾರೆ.

"ಅತ್ತೆವ್ವ, ಒಳಗ ಏನ್ ಮಾಡಾಕತ್ತೀರಿ?"

"ಹೊಲ ಬಿತ್ತಾಕತ್ತೀನಿ. ಕಾಣವಲ್ದೇನು? ಪೂಜಿಗೆ ನೀರು ಬೇಕಾಗಿತ್ತು, ಕೈ ಮುಟ್ಟವಲ್ದು. ಒಗಿಯೂ ಕಲ್ಲಿನ ಮ್ಯಾಲ ಹತ್ತಿ ಇಳದೆ. ಈಗ ಏರಾಕ ಬರವಲ್ದು, ಜಾರತದ."

"ನನ್ನ ಕೈ ಹಿಡೀರಿ."

"ನಿನ್ನ ಕೈ ನಂಬಿ ಯಾರು ಮ್ಯಾಲ ಬಂದಾರ? ಸೊಸಿ ಗಿರಣಿಗೆ ಹೋಗ್ಯಾಳ, ಬರಲಿ."

ನಿಂತರು. ಆದರೆ ಸುಮ್ಮನೆ ನಿಲ್ಲುವ ಜೀವವಲ್ಲ ಅದು. ಮೊಣಕೈಯನ್ನು ಮೂಲೆಗೆ ಒತ್ತಿ ಉದ್ದಕ್ಕೆ ಮೊಳ ಹಾಕತೊಡಗಿದರು. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಮುಗಿದರೂ ಕಲ್ಲು ಮುಗಿದಿರಲಿಲ್ಲ, ಇನ್ನೂ ಒಂದು ಗೇಣಿನಷ್ಟು ಬಾಕಿ ಇತ್ತು. ಮತ್ತೆ ಹಾಕಿದರು. ನಾನು ಬೂಟು ಎಲ್ಲಿ ಬಿಟ್ಟಿದ್ದೇನೆ ಎಂದು ಕಣ್ಣಲ್ಲೇ ಹುಡುಕಿದೆ.

"ನೋಡಪಾ, ಎಷ್ಟು ಗಿಡ್ಡ ಆಗ್ಯಾವ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಹಿಟ್ಟಿನ ಡಬ್ಬಿ ಇಳಿಸಿ, ಓಡಿಬಂದು, ಬಗ್ಗಿ ಎರಡೂ ಕೈ ಚಾಚಿದಳು. ಗುರಮ್ಮ ಆ ಕೈ ಹಿಡಿದವರು ಹಾಗೇ ನಿಂತರು. ನಿಧಾನವಾಗಿ ಸೊಸೆಯ ಮೊಣಕೈಗೆ ತಮ್ಮ ಮೊಣಕೈ ಜೋಡಿಸಿದರು. ಸೊಸೆಯ ಬೆರಳು ಎರಡೂವರೆ ಬೆರಳಿನಷ್ಟು ಮುಂದೆ ಹೋಗಿತ್ತು. ಆಮೇಲೆ ಆ ಕೈಯನ್ನೇ ಹಿಡಿದು ಕಲ್ಲಿಗೆ ಹಚ್ಚಿ ಎಳೆದುಕೊಂಡು ಹೋದರು, ಅಕ್ಕ ಅಂಚಿನ ಗುಂಟ ಬಗ್ಗಿಕೊಂಡೇ ಅವರ ಹಿಂದೆ. ಒಂದು, ಎರಡು, ಮೂರು, ನಾಲ್ಕು. ಕಲ್ಲು ಮುಗಿಯಿತು.

"ನನ್ನ ಕೈ ಗಿಡ್ಡ ಆಗಿಲ್ಲ!" ಗುರಮ್ಮನ ಮುಖ ಅರಳಿತು. ಅರಳಿದ್ದು ಅರ್ಧ ಗಳಿಗೆ. "ಲೇ ಮಾಸ್ತರಾ! ಇಲ್ಲಿ ಬಾ!"

ಹೋದೆ.

"ಅತ್ತಿ, ಮೊದಲ ಮ್ಯಾಲ ಬರ್ರಿ" ಎಂದಳು ಅಕ್ಕ.

"ಬರೂದಿಲ್ಲ. ಈ ನ್ಯಾಯ ಮುಗಿಯೂ ತನಕ ನಾ ಇಲ್ಲೇ ನಿಂದ್ರಾಕಿ. ಹೇಳಲೇ, ಇದು ಎಷ್ಟು ಹೆಚ್ಚು ಹಿಡೀತದ?"

"ಹಳೇ ಹೌಜಿಗಿಂತ ಮೂವತ್ಮೂರು ಟಕ್ಕೆ."

"ಕೈ ಹತ್ತು ಟಕ್ಕೆ ಉದ್ದ, ನೀರು ಮೂವತ್ಮೂರು? ಯಾರಿಗೆ ಹೇಳ್ತಿ?"

"ಕೇಳ್ರಿ. ಹಳೇದು ನೂರು ಕೊಡ. ಉದ್ದ ಬೆಳೀತು, ಹತ್ತು ಕೊಡ ಕೂಡಿ ನೂರಾ ಹತ್ತು. ಅಗಲ ಬೆಳದದ್ದು ಆ ನೂರಾ ಹತ್ತರ ಮ್ಯಾಲ, ಅದಕ್ಕ ಹನ್ನೊಂದು ಕೂಡ್ತು. ನೂರಾ ಇಪ್ಪತ್ತೊಂದು. ಆಳ ಬೆಳದದ್ದು ಅದರ ಮ್ಯಾಲ, ಹನ್ನೆರಡು ಕೂಡ್ತು. ನೂರಾ ಮೂವತ್ಮೂರು ಕೊಡ, ಮ್ಯಾಲೊಂದು ಚರಗಿ."

"ಬಡ್ಡಿಗೆ ಬಡ್ಡಿ ಅನ್ನು."

"ಹೌದ್ರಿ."

"ಹಂಗ ಹೇಳು ಮತ್ತ! ಟಕ್ಕೆ ಗಿಕ್ಕೆ ಅಂತ ಯಾಕ ತಲಿ ತಿಂತಿ?"

ನನ್ನ ಶಾಲೆಯ ಮಕ್ಕಳಿಗೆ ವರ್ಷಗಟ್ಟಲೆ ಹೇಳಿದರೂ ತಿಳಿಯದ್ದು ಅವರಿಗೆ ನೀರಿನಲ್ಲಿ ನಿಂತಲ್ಲೇ ತಿಳಿಯಿತು. ಮಕ್ಕಳನ್ನು ಹೌಜಿನಲ್ಲಿ ನಿಲ್ಲಿಸಿ ಕಲಿಸಬೇಕಾಗಿತ್ತೇನೋ.

ಗುರಮ್ಮ ಹೌಜಿನ ಕಲ್ಲನ್ನು ಕೈಯಿಂದ ತಟ್ಟಿ ನೋಡಿದರು. ಅಕ್ಕನ ಮುಖ ಜೋಳದ ಹಿಟ್ಟಿನ ಹಾಗೆ ಬಿಳಿಚಿತ್ತು. "ಒಡಸ್ತೀರೇನ್ರಿ ಅತ್ತಿ?" ಎಂದಳು.

"ಕಲ್ಲು ಏನು ತಪ್ಪು ಮಾಡ್ಯಾವ? ನೀ ಹೇಳು, ಯಾಕ ಮಾಡಿದಿ?"

"ನಾ ಟೈಪಿಂಗಿಗೆ ಹೋಗಬೇಕ್ರಿ. ಭಾಳ ಮನಸದ. ಬ್ಯಾರೆ ಏನೂ ಇಲ್ಲ."

ಅತ್ತೆ ಸೊಸೆಯನ್ನು ನೋಡಿದರು. ಆ ಕೈಯನ್ನೂ ನೋಡಿದರು. ಆಮೇಲೆ ಚರಗಿಯನ್ನು ಹೌಜಿನ ಅಂಚಿನ ಮೇಲೆ ಠಣ್ ಎಂದು ಇಟ್ಟು ತೀರ್ಪು ಕೊಟ್ಟರು.

"ಕೇಳು. ಹೆಚ್ಚಿಗಿ ನೀರು ಬಂದದ್ದು ನಿನ್ನ ಕೈಯಿಂದ. ಹಂಗಾರ ಅದು ನಿಂದು. ಹೌಜಿನ್ಯಾಗ ನಿನ್ನ ನೀರು ಎಷ್ಟು ಪಾಲೋ, ಹಗಲಿನ್ಯಾಗ ಅಷ್ಟು ಪಾಲು ಹೊತ್ತು ನಿಂದು. ಎಲ್ಲಿಗರೆ ಹೋಗು."

ನಾನು ಕುಣಿದುಬಿಟ್ಟೆ. "ಮೂರರಾಗ ಒಂದು! ಹಗಲು ಹನ್ನೆರಡು ತಾಸು, ಆಕೀದು ನಾಲ್ಕು ತಾಸು. ಒಂಬತ್ತರಿಂದ ಒಂದು!"

"ನಿಂದ್ರು. ಮೂರರಾಗ ಒಂದು ಎಲ್ಲಿಂದ ಬಂತು?"

"ನೂರಕ್ಕ ಮೂವತ್ಮೂರು."

"ಯಾವ ನೂರು? ಹಳೇ ಹೌಜಿನ ನೂರು. ಎಲ್ಲಿ ಅದ ಹಳೇ ಹೌಜು? ತೋರ್ಸು. ಒಡದು ಬಚ್ಚಲಕ್ಕ ಹಾಸಿ ಆತು. ಇಲ್ಲದ ಹೌಜಿನ ಮ್ಯಾಲ ಲೆಕ್ಕ ಹಾಕ್ತಿ? ನಾ ನಿಂತದ್ದು ಹೊಸಾದರಾಗ. ಇದರಾಗ ನೂರಾ ಮೂವತ್ಮೂರು ಕೊಡ, ಆಕೀವು ಮೂವತ್ಮೂರು. ನಾಲ್ಕರಾಗ ಒಂದು. ಇಪ್ಪತ್ತೈದು ಟಕ್ಕೆ. ಮೂರು ತಾಸು."

ನನ್ನ ಕುಣಿತ ನಿಂತಿತು. ಯಾಕೆಂದರೆ ಅವರು ಹೇಳಿದ್ದೂ ಸರಿ. ಅದೇ ಮೂವತ್ಮೂರು ಕೊಡ, ಹಳೇದರ ಮೇಲೆ ಎಣಿಸಿದರೆ ಮೂರನೇ ಪಾಲು, ಹೊಸದರೊಳಗೆ ಎಣಿಸಿದರೆ ನಾಲ್ಕನೇ ಪಾಲು. ಮೂರು ತಾಸು ಎಂದರೆ ಹನ್ನೆರಡಕ್ಕೆ ಮನೆಗೆ ಬರಬೇಕು. ಇಂಗ್ಲಿಷ್ ಮುಗಿಯುತ್ತದೆ, ಕನ್ನಡ ಶುರುವಾಗುವ ಹೊತ್ತಿಗೆ ಅಕ್ಕ ರೊಟ್ಟಿ ಬಡಿಯುತ್ತಿರುತ್ತಾಳೆ. ನಾನು ಏನೇನೋ ವಾದ ಹಾಕಿದೆ. ಗುರಮ್ಮ ನೀರಿನಲ್ಲಿ ಕಾಲು ಬದಲಿಸುತ್ತ, "ಹಳೇ ಹೌಜು ತೋರ್ಸು" ಎನ್ನುವುದೊಂದೇ.

ಆಗ ಅಕ್ಕ ಬಾಯಿ ತೆರೆದಳು. ಬಹಳ ಮೆತ್ತಗೆ.

"ಅತ್ತಿ, ನಾಲ್ಕರಾಗ ಒಂದು ಅಂತ ನೀವು ಅಂದದ್ದು ಬರೋಬ್ಬರಿ ಅದ್ರಿ. ಇನ್ನೊಂದು ಮಾತು. ನೀವು ನಿಂತೀರಲ್ಲ, ಆ ತಳದ ನೀರು, ಅದು ನಿಮ್ಮ ಕೈಗೆ ಸಿಗೂದಿಲ್ಲ, ಹೌದಲ್ರಿ?"

"ಹೌದು."

"ಆಳ ಹನ್ನೊಂದು ಪಾಲು ಮಾಡಿದ್ರ ಅದು ಒಂದು ಪಾಲು. ಒಂಬತ್ತು ಟಕ್ಕೆ. ಅದನ್ನ ತಗಿಯೂದು ನನ್ನ ಕೈ ಅಷ್ಟೇ. ನನ್ನ ಕೈಯಿಂದ ಬಂದದ್ದು ನಂದು ಅಂತ ನೀವೇ ಅಂದ್ರಿ. ಇಪ್ಪತ್ತೈದಕ್ಕ ಒಂಬತ್ತು ಕೂಡಿದ್ರ ಮೂವತ್ನಾಲ್ಕು. ಮೂರರಾಗ ಒಂದು ಪಾಲು ಆಗಿ ಇನ್ನೂ ಉಳೀತದ. ಆ ಉಳದದ್ದು ನಿಮಗ ಬಿಟ್ಟೀನ್ರಿ."

ನಾನು ಲೆಕ್ಕದ ಮಾಸ್ತರ. ಮಿಂಚು ಹೊಡೆದ ಹಾಗೆ ಹೊಳೆಯಿತು. ತಳದ ಆ ಐದು ಬೆರಳು ನೀರು ಹೆಚ್ಚುವರಿ ನೀರೇ, ಆಗಲೇ ಆ ಇಪ್ಪತ್ತೈದರೊಳಗೆ ಸೇರಿ ಕೂತಿತ್ತು. ಒಂದೇ ನೀರನ್ನು ಅಕ್ಕ ಎರಡು ಸಲ ಎಣಿಸಿದ್ದಳು, ಕಣ್ಣು ಮಿಟುಕಿಸದೆ, ಸೆರಗು ಸರಿಪಡಿಸಿಕೊಳ್ಳುತ್ತ. ಶಾಲೆಯಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ಕಿವಿ ಕಿತ್ತು ಕೈಗೆ ಕೊಡುತ್ತಿದ್ದೆ. ಆದರೆ ಆವತ್ತು, ನನ್ನ ಅಕ್ಕನ ಸಲುವಾಗಿ, ಹುಟ್ಟಿದ ಮೇಲೆ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ನಿಂತೆ.

ಗುರಮ್ಮ ಅಕ್ಕನನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಮೇಲೆ ಅವರ ಕಣ್ಣು ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು.

"ಹೂಂ" ಎಂದರು ಕೊನೆಗೆ. "ಕೈ ಕೊಡು. ಒಂದರ ತನಕ ಹೋಗು. ಒಂದರ ಮ್ಯಾಲ ಚಣ ಆದ್ರ ನಿನ್ನ ಮಷೀನ್ ತಂದು ಇದರಾಗ ಮುಣಗಸ್ತೀನಿ."

ಅಕ್ಕ ಅವರನ್ನು ಮಗುವಿನ ಹಾಗೆ ಎತ್ತಿ ಹೊರಗಿಟ್ಟಳು.

ಕಲಿತಳು. ಪಾಸಾದಳು. ಕಚೇರಿಯೊಂದರಲ್ಲಿ ಕನ್ನಡ ಟೈಪಿಸ್ಟಾಗಿ ಸೇರಿ, ಆ ಉದ್ದನೆಯ ಬೆರಳುಗಳಲ್ಲಿ ಊರ ಕಾಗದಪತ್ರವನ್ನೆಲ್ಲ ಕುಟ್ಟಿ, ನಿವೃತ್ತಳಾದಳು. ಮೊದಲ ಸಂಬಳದಲ್ಲಿ ಅತ್ತೆಗೆ ಇಳಕಲ್ ಸೀರೆ ತಂದಳಂತೆ. ಗುರಮ್ಮ ಅದನ್ನು ಮೊಳ ಹಾಕಿ ನೋಡಿಯೇ ಉಟ್ಟರಂತೆ, ತಮ್ಮ ಕೈಯಿಂದ.

ಈಗ ಹೇಳಿ. ನಂಬಿದಿರೋ ಇಲ್ಲವೋ? ನಂಬಿದ್ದೀರಿ, ಮುಖ ಹೇಳುತ್ತದೆ. ಪಂಥ ಗೆದ್ದೆ.

ಗೆದ್ದ ಮೇಲೆ ಒಂದು ಮಾತು ಹೇಳಿಬಿಡುತ್ತೇನೆ. ಬರ್ಫಿ ನಿಜ, ಬಿದಿರ ಕಡ್ಡಿ ನಿಜ, ಹೌಜಿನೊಳಗಿನ ನ್ಯಾಯ ನಿಜ, ಅಕ್ಕನ ಮಾತು ಅಕ್ಷರಶಃ ನಿಜ. ಒಂದು ಸಂಗತಿ ಮಾತ್ರ ನಾನು ಕಟ್ಟಿದ್ದು. ಮಿಂಚು ಹೊಡೆದ ಹಾಗೆ ಹೊಳೆಯಿತು, ಬಾಯಿ ಮುಚ್ಚಿಕೊಂಡೆ ಎಂದೆನಲ್ಲ, ಅದು. ಏನೂ ಹೊಳೆದಿರಲಿಲ್ಲ. "ಲೆಕ್ಕ ಬರೋಬ್ಬರಿ ಅದ್ರಿ ಅತ್ತೆವ್ವ, ನಾನೇ ಹೇಳ್ತೀನಿ" ಎಂದು ತಲೆ ಆಡಿಸುತ್ತ ಸಾಕ್ಷಿ ಹೇಳಿದ್ದೆ. ಅಷ್ಟೇ ಅಲ್ಲ, ಅದನ್ನು ಸರಿಯಾದ ಲೆಕ್ಕದ ಉದಾಹರಣೆ ಎಂದು ಜೇವರ್ಗಿಯ ಮಕ್ಕಳಿಗೆ ಹಲಗೆಯ ಮೇಲೆ ಬರೆದೂ ತೋರಿಸಿದ್ದೆ. ಹೊಳೆದದ್ದು ಇವತ್ತು. ನಿಮಗೆ ಹೇಳುವ ಮೊದಲು, ನೀವು ನಂಬದೆ ಉಳಿಯಬಾರದೆಂದು ಒಂದೊಂದೇ ಕೊಡ ಕಾಗದದ ಮೇಲೆ ಬಿಡಿಸಿ ಬರೆಯುತ್ತ ಬಂದವನು ಆ ಮೂವತ್ನಾಲ್ಕರ ಹತ್ತಿರ ಬಂದಾಗ ಪೆನ್ನು ನಿಂತಿತು.

ಕೂಡಲೇ ಅಫಜಲಪುರಕ್ಕೆ ಫೋನು ಹಚ್ಚಿದೆ.

"ಅಕ್ಕಾ, ತಳದ ನೀರು ಎರಡು ಸಲ ಎಣಿಸಿದ್ದಿ ಏನು?"

ಆಕಡೆಯಿಂದ ನಗು. ನಿಲ್ಲಲೇ ಒಲ್ಲದು.

"ಈಗ ತಿಳೀತೇನೋ ನಿನಗ?"

"ಅತ್ತೆವ್ವಗ?"

"ಅವರಿಗೆ ನಿಂತಲ್ಲೇ ತಿಳದಿತ್ತು. ನೀ ಬಸ್ಸು ಹತ್ತಿದ ಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕರು. 'ಲೆಕ್ಕ ಸುಳ್ಳು ಅದ ಬಿಡು. ಆದ್ರ ಆ ಮಾಸ್ತರ ಹೂಂ ಹೂಂ ಅಂತ ತಲಿ ಆಡಸ್ತಿದ್ನಲ್ಲ, ಅದನ್ನ ನೋಡಿದ್ದಕ್ಕ ಆ ಒಂದು ತಾಸು ಕೊಟ್ಟೀನಿ. ಅವಗ ಹೇಳಬ್ಯಾಡ' ಅಂದ್ರು."